ಹಳದಿ ಬ್ಯಾಂಡ್

“ಅಮ್ಮ ಎಲ್ಲಿ ಅಂತ ಕೇಳುದ್ರೆ ಏನಂತೀಯ?”

“ಕಾರಲ್ಲವ್ರೆ ಅಂತೀನಿ.”

“ಯಾಕೆ ಒಳಕ್ಕೆ ಬರ್ಲಿಲ್ಲ?”

“ತಲೆನೋವು.”

“ಅಷ್ಟೇ. ಅದ್ಕಿಂತ ಜಾಸ್ತಿ ಮಾತಾಡ್ಬೇಡ ಮಗ,” ಅಂದ ಅಪ್ಪ.

ಭಾನುಪ್ರಿಯ ತಲೆಯಾಡಿಸಿದಳು. ಕುದೂರು ಬಿಟ್ಟಾಗಿನಿಂದ ಅಪ್ಪ ಮುಂದಿನ ಸೀಟಿನಲ್ಲಿ ಕೂತು, ಹಿಂದಕ್ಕೆ ತಿರುಗಿ ಇದೇ ಪಾಠ ಒಪ್ಪಿಸಿಕೊಳ್ಳುತ್ತಿದ್ದ. ಸ್ಕೂಲಿನಲ್ಲಿ ಮಗ್ಗಿಯನ್ನು ಕೂಡ ಯಾರೂ ಇಷ್ಟು ಸಲ ಕೇಳುವುದಿಲ್ಲ. ಅಮ್ಮ ಕಾರಿನಲ್ಲಿ ಇರಲೇ ಇಲ್ಲ. ಮನೆಯಲ್ಲಿದ್ದಳು. ಬೆಳಗಿನಿಂದಲೂ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು.

ಕಾರು ಪುಟ್ಟಸ್ವಾಮಿ ಅಂಕಲ್‌ದು. ಕುದೂರಿನಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿ ಇಟ್ಟಿರುವವರು. ಅವರೇ ಓಡಿಸುತ್ತಿದ್ದರು. ಹಿಂದಿನ ಸೀಟಿನಲ್ಲಿ ಭಾನು, ಪಕ್ಕದಲ್ಲಿ ಅವರ ಮಗಳು ಮಮತಾ, ಆಚೆ ಕಡೆ ಮಮತಾಳ ಅಮ್ಮ. ಭಾನು, ಮಮತಾ ಇಬ್ಬರೂ ಐದನೇ ಕ್ಲಾಸು, ಒಂದೇ ಬೆಂಚು. ಮಮತಾ ಈಜುವಾಗ ಹಾಕುವ ಗಾಗಲ್ಸನ್ನು ಮನೆಯಿಂದಲೇ ಹಣೆಗೆ ಏರಿಸಿಕೊಂಡು ಬಂದಿದ್ದಳು.

ಡಿಕ್ಕಿಯಲ್ಲಿದ್ದ ಬ್ಯಾಗುಗಳೆಲ್ಲ ಅವರವು. ಭಾನುವಿನ ತೊಡೆಯ ಮೇಲೆ ಒಂದು ಕರ್ಚೀಫು ಕೂಡ ಇರಲಿಲ್ಲ. ರೆಸಾರ್ಟಿನಲ್ಲಿ ಎರಡು ದಿನ ಇರುವವರು ಅವರು. ಭಾನು ಮತ್ತು ಅಪ್ಪ ಕೌಂಟರಿನ ತನಕ ಹೋಗಿ, ಬಸ್ಸು ಹತ್ತಿ ವಾಪಸು ಬರುವವರು.

ಆದರೆ ರೂಮು ಬುಕ್ ಆಗಿದ್ದದ್ದು ಭಾನುವಿನ ಮನೆಯವರ ಹೆಸರಿನಲ್ಲಿ. ಗೋಳು ಇರುವುದೇ ಅಲ್ಲಿ.

ಎರಡು ವರ್ಷದ ಹಿಂದೆ ಬೆಂಗಳೂರಿನ ಮಾಲೊಂದರಲ್ಲಿ ಅಪ್ಪ ಒಂದು ಚೀಟಿಯ ಮೇಲೆ ಫೋನ್ ನಂಬರು ಬರೆದು ಡಬ್ಬಕ್ಕೆ ಹಾಕಿದ್ದ. ನಿಮಗೆ ಡಿನ್ನರ್ ಸೆಟ್ ಬಹುಮಾನ ಬಂದಿದೆ, ಫ್ಯಾಮಿಲಿ ಸಮೇತ ಬನ್ನಿ ಅಂತ ಫೋನು ಬಂತು. ಹೋದರೆ ತಣ್ಣನೆಯ ಎಸಿ ರೂಮಿನಲ್ಲಿ ಕೂರಿಸಿ, ಜ್ಯೂಸು ಕೊಟ್ಟು, ದೊಡ್ಡ ಟಿವಿಯಲ್ಲಿ ಬೆಟ್ಟ, ಸಮುದ್ರ, ನೀರಿನ ಜಾರುಬಂಡೆ ಎಲ್ಲ ತೋರಿಸಿದರು. ಕೋಟು ಹಾಕಿದವನೊಬ್ಬ ಅಪ್ಪನನ್ನು ಮಾತಿಗೊಂದು ಸಲ ಸಾರ್ ಅಂದ. ಮೋಟರ್ ವೈಂಡಿಂಗ್ ಅಂಗಡಿಯ ನಾಗರಾಜುವನ್ನು ಕುದೂರಿನಲ್ಲಿ ಯಾರೂ ಸಾರ್ ಅನ್ನುವುದಿಲ್ಲ. ಸಂಜೆಯೊಳಗೆ ಅಪ್ಪ ಸೈನ್ ಹಾಕಿ ಅವರ ಕ್ಲಬ್ಬಿನ ಮೆಂಬರ್ ಆಗಿಬಿಟ್ಟಿದ್ದ.

ಮೆಂಬರ್ ಆದವರಿಗೆ ವರ್ಷ ವರ್ಷವೂ ಪಾಯಿಂಟು ಬರುತ್ತದೆ. ಪಾಯಿಂಟು ಕೊಟ್ಟರೆ ರೆಸಾರ್ಟಿನಲ್ಲಿ ರೂಮು ಸಿಗುತ್ತದೆ. ಇಷ್ಟನ್ನು ಕೋಟಿನವನು ಜೋರಾಗಿ ಹೇಳಿದ್ದ. ಪಾಯಿಂಟಿನ ಹಿಂದೆಯೇ ವರ್ಷ ವರ್ಷವೂ ಫೀಸು ಬರುತ್ತದೆ, ಕಟ್ಟದಿದ್ದರೆ ರೂಮು ಕ್ಯಾನ್ಸಲ್ ಅನ್ನುವುದನ್ನು ಮಾತ್ರ ಮೆಲ್ಲಗೆ ಹೇಳಿರಬೇಕು, ಅಪ್ಪನ ಕಿವಿಗೆ ಬೀಳಲಿಲ್ಲ. ಡಿನ್ನರ್ ಸೆಟ್ಟನ್ನು ಅಮ್ಮ ಇವತ್ತಿನ ತನಕ ಅಟ್ಟದಿಂದ ಇಳಿಸಿಲ್ಲ.

ಹೋದ ವರ್ಷ ಫೀಸು ಕಟ್ಟಲು ಆಗಲಿಲ್ಲ. ಅಪ್ಪ ಪಾಯಿಂಟನ್ನು ಮಾಗಡಿಯವರೊಬ್ಬರಿಗೆ ಬಾಡಿಗೆಗೆ ಕೊಟ್ಟ. ಅಂದರೆ ಫೀಸು ಕಟ್ಟಿದ್ದು ಅವರು, ಹೋಗಿ ಆಟ ಆಡಿ ಬಂದದ್ದೂ ಅವರು. ಈ ವರ್ಷ ಏನೇ ಆಗಲಿ ನಾವೇ ಹೋಗುವುದು ಅಂತ ಅಪ್ಪ ದಸರಾ ರಜಕ್ಕೆ ರೂಮು ಬುಕ್ ಮಾಡಿದ. ಕನಕಪುರದ ಕಡೆ ಒಂದು ವಾಟರ್ ಪಾರ್ಕು, ಅದರೊಳಗೇ ರೆಸಾರ್ಟು. ಭಾನುವಿಗೆ ನೀಲಿ ಸ್ವಿಮ್ಮಿಂಗ್ ಡ್ರೆಸ್ಸೂ ಬಂತು.

ಆಮೇಲೆ ಮಳೆ ಬಂತು. ಕೆರೆ ತುಂಬಿತು, ಹೊಲದ ತೇವ ಆರಲಿಲ್ಲ, ಊರಿಗೆಲ್ಲ ಖುಷಿಯೋ ಖುಷಿ. ಆದರೆ ಪಂಪ್‌ಸೆಟ್ ಓಡಿಸದಿದ್ದರೆ ಮೋಟರ್ ಸುಡುವುದಿಲ್ಲ. ಮೋಟರ್ ಸುಡದಿದ್ದರೆ ಅಪ್ಪನ ಅಂಗಡಿ ಕಡೆ ಯಾರೂ ತಲೆ ಹಾಕುವುದಿಲ್ಲ. ಇಡೀ ಕುದೂರಿನಲ್ಲಿ ಮೋಡ ನೋಡಿ ಮುಖ ಸಿಂಡರಿಸುತ್ತಿದ್ದವನು ಅಪ್ಪ ಒಬ್ಬನೇ. ಫೀಸಿನ ಮೆಸೇಜು ಬಂದ ದಿನ ಅಂಗಡಿಯಲ್ಲಿ ರಿಪೇರಿಗೆ ಒಂದು ಮೋಟರೂ ಇರಲಿಲ್ಲ.

ಆಗಲೇ ಪುಟ್ಟಸ್ವಾಮಿ ಅಂಕಲ್ ಅಂಗಡಿಗೆ ಬಂದು, ಈ ಸಲದ ಪಾಯಿಂಟು ನಮಗೆ ಕೊಟ್ಟುಬಿಡು, ಫೀಸು ನಾನು ಕಟ್ಟುತ್ತೇನೆ ಅಂದರು. ಅವರಿಗೆ ಹೇಳಿದ್ದು ಮಮತಾ. ಮಮತಾಗೆ ಹೇಳಿದ್ದು ಭಾನುವೇ. ಬೆಂಚಿನ ಮೇಲೆ ಪೆನ್ಸಿಲಿನಲ್ಲಿ ಜಾರುಬಂಡೆಗಳ ಚಿತ್ರ ಬರೆದು ಬರೆದು, ಹೊಟ್ಟೆ ಉರಿಯುವ ಹಾಗೆ ಹೇಳಿದ್ದಳು. ಈಗ ನೆನೆಸಿಕೊಂಡರೆ ತನ್ನ ಬಾಯಿಯ ಮೇಲೆ ತನಗೇ ಸಿಟ್ಟು ಬರುತ್ತಿತ್ತು.

ಪಾಯಿಂಟನ್ನು ಬಾಡಿಗೆಗೆ ಕೊಡಬಾರದು ಅಂತ ಕ್ಲಬ್ಬಿನ ರೂಲು. ಅದಕ್ಕೇ ಹೋದ ವರ್ಷ ಅಪ್ಪ ತಾನೇ ಹೋಗಿ ಸೈನ್ ಹಾಕಿ, ಕೈಗೆ ಕಟ್ಟುವ ಬ್ಯಾಂಡುಗಳನ್ನು ಇಸಿದುಕೊಂಡು, ಹೊರಗೆ ಕಾಯುತ್ತಿದ್ದ ಮಾಗಡಿಯವರಿಗೆ ಕೊಟ್ಟು ಬಂದಿದ್ದ. ಆ ಬ್ಯಾಂಡು ಇದ್ದರೆ ಎರಡು ದಿನ ಯಾರೂ ಏನೂ ಕೇಳುವುದಿಲ್ಲ. ಆದರೆ ಕೌಂಟರಿನವರು ಬುಕಿಂಗ್ ನೋಡಿ, ಮಗು ಎಲ್ಲಿ ಅಂತ ಕೇಳಿದ್ದಕ್ಕೆ ಅಪ್ಪ ಬೆವೆತು ನೀರಾಗಿದ್ದನಂತೆ. ಹಾಗಾಗಿ ಈ ಸಲ ಭಾನು ಜೊತೆಗೆ.

“ಆ ಕೆಲಸಕ್ಕೆ ಮಗೀನ ಕರ್ಕೊಂಡೋಗ್ಬೇಡಿ,” ಅಂತ ಅಮ್ಮ ಬೆಳಿಗ್ಗೆ ಹೇಳಿದ್ದಳು. ಅಪ್ಪ ಅದನ್ನು ಕಿವಿಗೆ ಹಾಕಿಕೊಳ್ಳದೆ, ಪಾರ್ಕು ನೋಡಿಕೊಂಡು ಬರೋಣ ಬಾ ಅಂತ ಭಾನುವನ್ನು ಪುಸಲಾಯಿಸಿದ.

ಭಾನು ಮಾತ್ರ ಯಾರಿಗೂ ಹೇಳದೆ ಒಂದು ಕೆಲಸ ಮಾಡಿದ್ದಳು. ಚೂಡಿದಾರದ ಒಳಗೆ ನೀಲಿ ಸ್ವಿಮ್ಮಿಂಗ್ ಡ್ರೆಸ್ ಹಾಕಿಕೊಂಡಿದ್ದಳು. ಮಮತಾಳ ಅಮ್ಮ, ಇವಳೂ ನಮ್ಮ ಜೊತೆಗೆ ಇರಲಿ ಬಿಡಿ ಅಂದರೆ? ದೊಡ್ಡವರು ಒಮ್ಮೊಮ್ಮೆ ಹಾಗೆ ಅಂದುಬಿಡುತ್ತಾರೆ. ಆಗ ಡ್ರೆಸ್ ಇಲ್ಲ ಅಂತ ಆಗಬಾರದಲ್ಲ.

ಕಾರು ಮಾಗಡಿ ದಾಟಿತು, ಸಾವನದುರ್ಗದ ಬಂಡೆ ಹಿಂದಕ್ಕೆ ಸರಿಯಿತು, ರಾಮನಗರದ ಗಲಾಟೆಯೂ ಮುಗಿಯಿತು. ಮಮತಾಳ ಅಮ್ಮ ಚಕ್ಕುಲಿ ಕೊಟ್ಟರು, ನೀರು ಕೊಟ್ಟರು. ಇವಳೂ ಇರಲಿ ಅಂತ ಮಾತ್ರ ಅನ್ನಲಿಲ್ಲ.

*

ಕೌಂಟರಿನಲ್ಲಿ ಇದ್ದ ಅಕ್ಕ ಚೆನ್ನಾಗಿ ನಗುತ್ತಿದ್ದಳು. ಅಪ್ಪನ ಆಧಾರ್ ಕಾರ್ಡು, ಮೆಂಬರ್ ಕಾರ್ಡು ನೋಡಿ, ವೆಲ್‌ಕಮ್ ಸಾರ್ ಅಂದಳು. ಅಪ್ಪ ಬೆನ್ನು ನೆಟ್ಟಗೆ ಮಾಡಿಕೊಂಡ. ಮೇಡಂ ಎಲ್ಲಿ ಅಂತ ಕೇಳಿದಳು. ಭಾನು ಕಾರು ಅಂದಳು, ತಲೆನೋವು ಅಂದಳು. ಅಷ್ಟು ಸಲೀಸಾಗಿ ಸುಳ್ಳು ಹೊರಟಿದ್ದು ನೋಡಿ ಅವಳಿಗೇ ಆಶ್ಚರ್ಯವಾಯಿತು.

ದೊಡ್ಡವರ ಬ್ಯಾಂಡುಗಳು ಕೆಂಪು. ಎರಡನ್ನೂ ಅಪ್ಪನ ಕೈಗೆ ಕೊಟ್ಟಳು. ಮಗುವಿನದನ್ನೂ ಕೊಡಿ, ಆಮೇಲೆ ಹಾಕಿಕೊಳ್ಳುತ್ತಾಳೆ ಅಂತ ಅಪ್ಪ ಕೈ ಚಾಚಿದ.

“ಮಕ್ಕಳದು ನಾವೇ ಹಾಕ್ಬೇಕು ಸಾರ್, ಈ ವರ್ಷದಿಂದ ಹೊಸ ರೂಲು. ಹೈಟ್ ನೋಡ್ತೀವಿ. ಬಾ ಪುಟ್ಟ.”

ಅಪ್ಪನ ಚಾಚಿದ ಕೈ ಹಾಗೇ ನಿಂತಿತು. ಭಾನು ಗೋಡೆಗೆ ಒರಗಿ ನಿಂತಳು. ಅಕ್ಕ ಗೋಡೆಯ ಮೇಲಿನ ಗೆರೆ ನೋಡಿ, ಎಲ್ಲ ಸ್ಲೈಡಿಗೂ ಹೋಗಬಹುದು ಅಂತ ಹಳದಿ ಬ್ಯಾಂಡು ತೆಗೆದಳು. ಭಾನುವಿನ ಕೈಯಲ್ಲಿ ಗೌರಿ ಹಬ್ಬದ ಹಸಿರು ಬಳೆಗಳಿದ್ದವು. ಅವನ್ನು ಮೇಲಕ್ಕೆ ಸರಿಸಿ, ಬ್ಯಾಂಡು ಸುತ್ತಿ, ಟಕ್ ಅಂತ ಗುಂಡಿ ಒತ್ತಿದಳು.

“ಟೈಟ್ ಆಯ್ತಾ? ಇನ್ನೊಂದು ತೂತಿಗೆ ಹಾಕ್ಲಾ? ಹಾಕಿದ್ಮೇಲೆ ಬಿಚ್ಚೋಕೆ ಬರಲ್ಲ. ಕತ್ತರಿಸಿದ್ರೆ ವೇಸ್ಟು, ಬೇರೆ ಕೊಡಲ್ಲ.”

ಒಸಿ ಟೈಟೇ ಆಗಿತ್ತು.

“ಇಲ್ಲ, ಸರಿಯಾಗೈತೆ,” ಅಂದಳು ಭಾನು.

ಅಕ್ಕ ಮತ್ತೆ ನಕ್ಕು, ಮೊದಲು ಯಾವ ಸ್ಲೈಡಿಗೆ ಹೋಗುತ್ತೀಯ ಅಂತ ಕೇಳಿದಳು. ಜಾಸ್ತಿ ಮಾತಾಡಬೇಡ ಅಂತ ಅಪ್ಪ ಹೇಳಿದ್ದು ಭಾನುವಿಗೆ ಮರೆತೇಹೋಯಿತು. ಬ್ಲ್ಯಾಕ್ ಟನಲ್‌ಗೆ ಅಂದಳು. ಒಳಗೆ ಪೂರಾ ಕತ್ತಲು, ಮೂರು ಸಲ ತಿರುಗುತ್ತದೆ, ಆಮೇಲೆ ಒಂದೇ ಸಲ ಬೆಳಕು ಬಂದು ದೊಡ್ಡ ಪೂಲಿನಲ್ಲಿ ಬೀಳುವುದು ಅಂದಳು. ಅಪ್ಪನ ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಅವಳಿಗೆ ಎಲ್ಲ ಬಾಯಿಪಾಠ. ಅಕ್ಕ ಅಪ್ಪನನ್ನು ನೋಡಿ, ಸಾರ್, ನಿಮ್ಮ ಮಗಳು ನಮಗೇ ಗೈಡ್ ಆಗ್ತಾಳೆ ಅಂದಳು. ಅಪ್ಪ ನಗಲು ಹೋದ, ಆಗಲಿಲ್ಲ.

*

ಪಾರ್ಕಿಂಗಿನಲ್ಲಿ ಎಲ್ಲರೂ ಭಾನುವಿನ ಕೈಯನ್ನೇ ನೋಡಿದರು.

“ಇದೇನ್ಲಾ ನಾಗರಾಜು, ಕೈಗೇ ಹಾಕ್ಸ್ಕೊಂಡ್ ಬಂದ್ಬುಟ್ಟಿದ್ದೀಯ?” ಅಂದರು ಪುಟ್ಟಸ್ವಾಮಿ ಅಂಕಲ್. ಅಪ್ಪ ರೂಲಿನ ವಿಷಯ ಹೇಳಿದ. ಮಮತಾಳ ಅಮ್ಮ ಪರ್ಸಿನಿಂದ ಚಿಕ್ಕ ಕತ್ತರಿ ತೆಗೆದರು. ಕತ್ತರಿಸಿದರೆ ವೇಸ್ಟು ಅಂದ ಮೇಲೆ ಅದನ್ನು ಒಳಗಿಟ್ಟರು. ಹಾಗಾದರೆ ಮಮತಾಗೆ ಏನು ಗತಿ ಅಂತ ಅವರಿಬ್ಬರೂ ಅಪ್ಪನನ್ನು ನೋಡಿದರು.

ಭಾನು ತನ್ನೊಳಗೇ ಲೆಕ್ಕ ಹಾಕಿದಳು. ಬ್ಯಾಂಡು ಬಿಚ್ಚಲು ಬರುವುದಿಲ್ಲ. ಬರದಿದ್ದರೆ ಒಳಗೆ ಹೋಗಬೇಕಾದವಳು ತಾನೇ ಅಲ್ಲವಾ? ಬೇರೆ ಏನು ಮಾಡುತ್ತಾರೆ?

“ಸೋಪು ಹಾಕಿ ಎಳೀತೀನಿ ಇರಣ್ಣ,” ಅಂದ ಅಪ್ಪ.

ಪಾರ್ಕಿಂಗಿನ ಮೂಲೆಯಲ್ಲಿ ಟಾಯ್ಲೆಟ್ಟಿನ ಹೊರಗೆ ವಾಶ್ ಬೇಸಿನ್ನುಗಳಿದ್ದವು, ಮೇಲೆ ಉದ್ದದ ಕನ್ನಡಿ. ಅಪ್ಪ ಮೊದಲು ಹಸಿರು ಬಳೆಗಳನ್ನು ಒಂದೊಂದಾಗಿ ತೆಗೆದು ಶರ್ಟಿನ ಜೇಬಿಗೆ ಹಾಕಿಕೊಂಡ. ಆಮೇಲೆ ಅವಳ ಕೈಗೆಲ್ಲ ಸೋಪು ಸವರಿದ.

ಅಪ್ಪನ ಬೆರಳುಗಳಿಗೆ ಒರಟು ಗೊತ್ತಿಲ್ಲ. ಕೂದಲೆಳೆಯಂಥ ತಾಮ್ರದ ತಂತಿಯನ್ನು ತುಂಡಾಗದ ಹಾಗೆ ಸುತ್ತುವ ಬೆರಳುಗಳು ಅವು. ಬ್ಯಾಂಡನ್ನು ಮೆಲ್ಲಗೆ ಆ ಕಡೆ ಈ ಕಡೆ ತಿರುಗಿಸುತ್ತಾ ಹೆಬ್ಬೆರಳಿನ ಗಂಟಿನ ತನಕ ತಂದ. ಅಲ್ಲಿ ಅದು ನಿಂತುಬಿಟ್ಟಿತು.

ಯಾಕೆ ನಿಂತಿತು ಅಂತ ಭಾನುವಿಗೆ ಗೊತ್ತಿತ್ತು. ಅವಳು ಹೆಬ್ಬೆರಳನ್ನು ಸೆಟೆಸಿ ಹಿಡಿದಿದ್ದಳು. ಬಳೆ ತೊಡಿಸುವಾಗ ಸಂತೆಯ ಗುಲ್ಜಾರ್ ಬೀ ಯಾವಾಗಲೂ ಹೇಳುತ್ತಿದ್ದಳು, ಕೈ ಸಡಿಲ ಬಿಡು ಬೇಟಿ, ಹೆಬ್ಬೆರಳು ಒಳಕ್ಕೆ ಮಡಚು, ಎಂಥ ಚಿಕ್ಕ ಬಳೆಯಾದರೂ ಜಾರುತ್ತದೆ ಅಂತ. ಸೆಟೆದುಕೊಂಡರೆ ಯಾವ ಬಳೆಗಾರ್ತಿ ಬಂದರೂ ಆಗುವುದಿಲ್ಲ.

“ಬ್ಯಾಂಡು ಹರೀಬೇಡಿ ಅಂಕಲ್,” ಅಂದಳು ಹಿಂದೆ ನಿಂತಿದ್ದ ಮಮತಾ.

ಒಂದೇ ಬೆಂಚಿನವಳು. ಅವಳ ಕಣ್ಣು ಬ್ಯಾಂಡಿನ ಮೇಲೆಯೇ ಇತ್ತು, ಭಾನುವಿನ ಮುಖ ನೋಡಲಿಲ್ಲ. ಭಾನು ಹೆಬ್ಬೆರಳನ್ನು ಇನ್ನೂ ಸೆಟೆಸಿದಳು. ಕೈಯೇ ಮುರಿದುಹೋಗಲಿ, ಕೊಡುವುದಿಲ್ಲ ಅಂದುಕೊಂಡಳು.

ಅಪ್ಪ ಇನ್ನಷ್ಟು ಸೋಪು ಹಾಕಿ ಬಗ್ಗಿದ. ಬಗ್ಗಿದವನು ಹಾಗೇ ನಿಂತ. ಭಾನುವಿನ ದುಪಟ್ಟ ಜಾರಿತ್ತು. ಚೂಡಿದಾರದ ಕತ್ತಿನ ಹತ್ತಿರ ನೀಲಿ ಸ್ವಿಮ್ಮಿಂಗ್ ಡ್ರೆಸ್ಸಿನ ಪಟ್ಟಿ ಕಾಣುತ್ತಿತ್ತು.

ನಲ್ಲಿ ಸುರಿಯುತ್ತಲೇ ಇತ್ತು. ಪುಟ್ಟಸ್ವಾಮಿ ಅಂಕಲ್ ಕಾರಿನ ಹಾರ್ನ್ ಒಂದು ಸಲ ಒತ್ತಿದರು.

ಭಾನು ಕನ್ನಡಿ ನೋಡಿದಳು. ಕನ್ನಡಿಯಲ್ಲಿ ಅಪ್ಪನ ಮುಖ ಕಂಡಿತು. ಕೌಂಟರಿನ ಅಕ್ಕ ಸಾರ್ ಅಂದಾಗ ನೆಟ್ಟಗಾಗಿದ್ದ ಅಪ್ಪ ಇವನಲ್ಲ. ಹೋಂವರ್ಕ್ ತರದೆ ಬೆಂಚಿನ ಮೇಲೆ ನಿಂತ ಹುಡುಗನ ಮುಖ ಹೀಗಿರುತ್ತದೆ.

“ಕೈ ಒಸಿ ಸಡ್ಲ ಬುಡವ್ವ,” ಅಂದ ಅಪ್ಪ. ತುಂಬ ಮೆಲ್ಲಗೆ ಅಂದ, ಮಮತಾಗೆ ಕೇಳಿಸದಷ್ಟು.

ಅಂದರೆ ಅಪ್ಪನಿಗೂ ಗೊತ್ತು. ಬ್ಯಾಂಡು ಸಿಕ್ಕಿಕೊಂಡಿಲ್ಲ, ಮಗಳೇ ಹಿಡಿದುಕೊಂಡಿದ್ದಾಳೆ ಅಂತ. ಜೋರು ಮಾಡಿ ಎಳೆಯಬಹುದಿತ್ತು. ಎಳೆಯಲಿಲ್ಲ. ಕಾಯುತ್ತಾ ನಿಂತ.

ಭಾನು ಹೆಬ್ಬೆರಳನ್ನು ಒಳಕ್ಕೆ ಮಡಚಿದಳು. ಬ್ಯಾಂಡು ಜಾರಿ ಅಪ್ಪನ ಕೈಗೆ ಬಂತು.

ಅವಳಿಗೆ ಅಳು ಬಂದದ್ದು ಆಗ ಅಲ್ಲ. ಅಪ್ಪ ಮಮತಾಳ ಕೈಗೂ ಹಾಗೇ ಸೋಪು ಸವರಿ, ಹಾಗೇ ಮೆಲ್ಲಗೆ ತಿರುಗಿಸುತ್ತಾ ಬ್ಯಾಂಡು ಏರಿಸಿ, “ನೋವಾಯ್ತಾ ಮಗ?” ಅಂತ ಅವಳನ್ನು ಕೇಳಿದಾಗ ಬಂತು. ಭಾನು ನಲ್ಲಿ ಕಡೆ ತಿರುಗಿ, ಸೋಪು ಹೋಗದವಳ ಹಾಗೆ ಕೈ ತೊಳೆಯುತ್ತಲೇ ನಿಂತಳು.

ಹೊರಡುವಾಗ ಮಮತಾಳ ಅಮ್ಮ ಉಳಿದ ಚಕ್ಕುಲಿಯ ಕವರನ್ನು ಭಾನುವಿನ ಕೈಗೆ ತುರುಕಿದರು. ಬಸ್ಸು ಗೇಟಿನ ಮುಂದೆಯೇ ನಿಲ್ಲುತ್ತದೆ ಅಂತ ಪುಟ್ಟಸ್ವಾಮಿ ಅಂಕಲ್ ಹೇಳಿದರು. ಮಮತಾ ಹಳದಿ ಬ್ಯಾಂಡಿನ ಕೈ ಎತ್ತಿ ಟಾಟಾ ಮಾಡಿದಳು. ಭಾನುವೂ ಮಾಡಿದಳು, ಮಾಡದೆ ಏನು ಮಾಡುವುದು.

*

ಬಸ್ ಸ್ಟಾಪಿನಿಂದ ಕಾಂಪೌಂಡಿನ ಆಚೆ ಕಪ್ಪು ಕೊಳವೆಯ ತುದಿ ಕಾಣುತ್ತಿತ್ತು. ಮಕ್ಕಳ ಕೂಗು, ನೀರು ಬೀಳುವ ಸದ್ದು ಕೇಳಿಸುತ್ತಿತ್ತು. ಇಬ್ಬರೂ ರಸ್ತೆಯ ಕಡೆಗೇ ಮುಖ ಮಾಡಿ ನಿಂತರು. ಬಸ್ಸು ತಡವಾಗಿ ಬಂತು.

ರಾಮನಗರದಲ್ಲಿ ಇಳಿದು ಮಾಗಡಿ ಬಸ್ಸು ಹತ್ತಿದರು. ಸೀಟು ಸಿಕ್ಕ ಮೇಲೆ ಅಪ್ಪ ಜೇಬಿನಿಂದ ಬಳೆಗಳನ್ನು ತೆಗೆದು, ಕೈ ಕೊಡು ಅಂದ.

“ನಾನೇ ಹಾಕ್ಕೊತೀನಿ,” ಅಂದಳು ಭಾನು.

ಅಪ್ಪ ಬಳೆಗಳನ್ನು ಅವಳ ಅಂಗೈಯಲ್ಲಿ ಇಟ್ಟ. ಅವಳು ಒಂದೊಂದಾಗಿ ಏರಿಸಿಕೊಂಡಳು. ಮಣಿಕಟ್ಟು ಇನ್ನೂ ಕೆಂಪಗಿತ್ತು. ಒಳಗಿನ ಸ್ವಿಮ್ಮಿಂಗ್ ಡ್ರೆಸ್ ಬೆವರಿಗೆ ಮೈಗೆ ಅಂಟಿಕೊಂಡು ಕಡಿಯುತ್ತಿತ್ತು.

“ಮನೆಗೋದೇಟ್ಗೆ ಅದನ್ನ ಬಿಚ್ಚಿಟ್ಬುಡು ಮಗ. ನಿಮ್ಮಮ್ಮಂಗೆ ಕಾಣ್ಬಾರ್ದು,” ಅಂದ ಅಪ್ಪ. ಅದು ಅಂದರೆ ಯಾವುದು ಅಂತ ಇಬ್ಬರೂ ಹೇಳಲಿಲ್ಲ.

ಒಂದಷ್ಟು ದೂರ ಹೋದ ಮೇಲೆ, “ಮುಂದ್ಲ ವರ್ಸ ನಾವೇ ಹೋಗಣ. ಏಪ್ರಿಲ್‌ಗೆ ಹೊಸ ಪಾಯಿಂಟು ಬತ್ತದೆ,” ಅಂದ.

ಭಾನು ಯೋಚಿಸಿದಳು. ಪಾಯಿಂಟು ಬರುತ್ತದೆ. ಹಿಂದೆಯೇ ಫೀಸೂ ಬರುತ್ತದೆ. ಫೀಸು ಕಟ್ಟಲು ಪಾಯಿಂಟನ್ನೇ ಬಾಡಿಗೆಗೆ ಕೊಡಬೇಕು. ಕೊಟ್ಟ ಮೇಲೆ ಪಾಯಿಂಟು ಎಲ್ಲಿ? ಮತ್ತೆ ಏಪ್ರಿಲ್ ಕಾಯಬೇಕು. ಮೋಟರ್‌ಗಳು ಸುಡಬೇಕು ಅಂದರೆ ಮಳೆ ನಿಲ್ಲಬೇಕು. ಮಳೆ ಬರದೆ ಇರಲಿ ಅಂತ ಯಾವ ದೇವರ ಹತ್ತಿರ ಕೇಳುವುದು?

ಅವಳು ಅಪ್ಪನನ್ನು ನೋಡಿದಳು. ಅಪ್ಪ ಅವಳನ್ನು ನೋಡುತ್ತಿರಲಿಲ್ಲ. ಕಿಟಕಿಯ ಆಚೆ ನೋಡುತ್ತಿದ್ದ. ಐದನೇ ಕ್ಲಾಸಿನವಳಿಗೆ ಬರುವ ಲೆಕ್ಕ ಅಪ್ಪನಿಗೆ ಬರುವುದಿಲ್ಲವಾ? ಬರುತ್ತದೆ. ಆ ಮಾತು ಬೇಕಾಗಿದ್ದದ್ದು ಅವಳಿಗಲ್ಲ.

“ಹೂಂ,” ಅಂದಳು ಭಾನು.

“ಫಸ್ಟು ಯಾವ್ದಕ್ಕೆ ಹೋಗಣ?”

“ಬ್ಲ್ಯಾಕ್ ಟನಲ್‌ಗೆ,” ಅಂದಳು. ಕೌಂಟರಿನ ಅಕ್ಕನಿಗೆ ಹೇಳಿದ್ದನ್ನೆಲ್ಲ ಇನ್ನೊಂದು ಸಲ ಹೇಳಿದಳು. ಈ ಸಲ ಅಷ್ಟು ಜೋರಾಗಿ ಹೇಳಲಿಲ್ಲ. ಕತ್ತಲು, ಮೂರು ತಿರುವು, ಆಮೇಲೆ ಬೆಳಕು. ಅಪ್ಪ ಅಡ್ಡ ಮಾತಾಡದೆ ಕೇಳಿದ.

“ಒಳಗೆ ಏನೂ ಕಾಣ್ಸಲ್ಲ ಕಣಪ್ಪ,” ಅಂದಳು ಕೊನೆಗೆ. “ನಿಂಗೆ ಭಯ ಆದ್ರೆ ನನ್ ಕೈ ಹಿಡ್ಕೊ.”

“ಹೂಂ,” ಅಂದ ಅಪ್ಪ, ಕಿಟಕಿಯಿಂದ ಮುಖ ತಿರುಗಿಸದೆ.